ಆರಡಿ ತೊಟ್ಟಿಗೆ ಯಾವ ಫಿಲ್ಟರ್?

ಬೆಂಗಳೂರಿನ ಶಿವಾಜಿನಗರವಿರಲಿ, ಹುಬ್ಬಳ್ಳಿಯೋ ಮಂಗಳೂರೋ ಇರಲಿ, ಅಕ್ವೇರಿಯಂ ಅಂಗಡಿಗೆ ಫಿಲ್ಟರ್ ಕೇಳಿಕೊಂಡು ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ, "ಎಷ್ಟಡಿ ಟ್ಯಾಂಕು ಸಾರ್?" ಆರಡಿ ಎಂದ ಕೂಡಲೇ ಮೇಲಿನ ಅಟ್ಟಣಿಗೆಯಿಂದ ಒಂದು ಡಬ್ಬ ಕೆಳಗಿಳಿಯುತ್ತದೆ. ಅದರ ಮೇಲೆ '600 ಲೀಟರ್‌ವರೆಗೆ' ಎಂದೋ 'ಗಂಟೆಗೆ 2,000 ಲೀಟರ್' ಎಂದೋ ಅಚ್ಚಾಗಿರುತ್ತದೆ. ಅಂಕಿ ಹೊಂದಿತು, ವ್ಯಾಪಾರ ಮುಗಿಯಿತು. ಆದರೆ ನಿಮ್ಮ ತೊಟ್ಟಿಯಲ್ಲಿರುವುದು ಒಂದಿಷ್ಟು ನಿಯಾನ್ ಟೆಟ್ರಾಗಳೋ ಹಿಡಿಗಟ್ಟಲೆ ತಿನ್ನುವ ಆಸ್ಕರ್‌ಗಳೋ ಎಂದು ಯಾರೂ ಕೇಳಲಿಲ್ಲ. ನಿಮ್ಮ ಬಡಾವಣೆಯಲ್ಲಿ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ನಲ್ಲಿಯಲ್ಲಿ ಬರುವುದು ಕಾವೇರಿ ನೀರೋ ಕೊಳವೆಬಾವಿಯದೋ, ಫಿಲ್ಟರ್ ಬಿಚ್ಚಿ ತೊಳೆಯುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬೀಳುತ್ತದೆ ಎಂದೂ ಕೇಳಲಿಲ್ಲ. ದೊಡ್ಡ ತೊಟ್ಟಿಯ ಫಿಲ್ಟರನ್ನು ತೀರ್ಮಾನಿಸಬೇಕಾದದ್ದು ಈ ಸಂಗತಿಗಳು. ಲೀಟರಿನ ಲೆಕ್ಕ ಆಮೇಲಿನದು.

ನಮ್ಮಲ್ಲಿ ದೊಡ್ಡ ತೊಟ್ಟಿ ಎಂದರೆ ಸಾಮಾನ್ಯವಾಗಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಕಂಠದವರೆಗೆ ತುಂಬಿದರೆ ಸುಮಾರು 680 ಲೀಟರ್. ಮೇಲೆ ಎರಡು ಬೆರಳು ಜಾಗ ಬಿಟ್ಟು, ಕೆಳಗೆ ಮರಳು ಹಾಸಿ, ಕಲ್ಲು ಬೊಡ್ಡೆಗಳನ್ನಿಟ್ಟರೆ ಒಳಗೆ ಉಳಿಯುವ ನೀರು 600 ಲೀಟರ್ ಆಸುಪಾಸು. ಗಾಜು, ಮರಳು, ಸ್ಟ್ಯಾಂಡು ಎಲ್ಲ ಸೇರಿ ಸುಮಾರು 900 ಕಿಲೋ ಭಾರ 12 ಚದರ ಅಡಿಯ ಮೇಲೆ ಕೂರುತ್ತದೆ. ಮಹಡಿ ಮನೆಯವರು ಫಿಲ್ಟರಿಗಿಂತ ಮೊದಲು ಎಂಜಿನಿಯರೊಬ್ಬರನ್ನು ಕೇಳಿ, ಬೀಮ್ ಹಾದುಹೋಗಿರುವ ಗೋಡೆಯ ಪಕ್ಕವೇ ತೊಟ್ಟಿಗೆ ಜಾಗ ಗೊತ್ತುಮಾಡುವುದು ಒಳ್ಳೆಯದು.

ಇನ್ನು ಊಟದ ಲೆಕ್ಕ. ಒಂದು ಅರೋವಾನಾ, ನಾಲ್ಕಾರು ದೊಡ್ಡ ಸಿಕ್ಲಿಡ್ ಮೀನುಗಳಿರುವ ತೊಟ್ಟಿಗೆ ದಿನಕ್ಕೆ 20 ಗ್ರಾಂ ಪೆಲೆಟ್ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ 40ರಷ್ಟು ಪ್ರೋಟೀನ್. ಮೀನು ಸಾಕಣೆಯವರು ಬಳಸುವ ಒಂದು ಸೂತ್ರವಿದೆ: ಆಹಾರದ ತೂಕವನ್ನು ಪ್ರೋಟೀನಿನ ಅಂಶದಿಂದಲೂ 0.092ರಿಂದಲೂ ಗುಣಿಸಿದರೆ ದಿನಕ್ಕೆ ಹುಟ್ಟುವ ಅಮೋನಿಯಾ ಸಾರಜನಕ ಸಿಗುತ್ತದೆ. ಇಲ್ಲಿ ಅದು ಸುಮಾರು 0.74 ಗ್ರಾಂ. ಕೇಳಲು ಚಿಟಿಕೆಯಷ್ಟು. 600 ಲೀಟರಿಗೆ ಹಂಚಿದರೆ ಪ್ರತಿ ಲೀಟರಿಗೂ ದಿನಕ್ಕೆ 1.2 ಮಿಲಿಗ್ರಾಂ ಬೀಳುತ್ತದೆ. ಮೀನಿಗೆ ವಿಷವಾಗುವುದು ಇದರ ಒಂದು ಭಾಗ ಮಾತ್ರ, ಆ ಭಾಗ ಎಷ್ಟೆಂಬುದನ್ನು ನೀರಿನ ಪಿಎಚ್ ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಶೇ 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಶೇ 5 ದಾಟುತ್ತದೆ. ಈ ವಿಷದ ಭಾಗ ಲೀಟರಿಗೆ 0.05 ಮಿಲಿಗ್ರಾಂ ಮೀರಿತೆಂದರೆ ಕಿವಿರಿನ ಎಳೆಗಳು ಸುಟ್ಟಂತಾಗುತ್ತವೆ. ಎಂದರೆ, ಪಿಎಚ್ 8ರ ನೀರಿನಲ್ಲಿ ಫಿಲ್ಟರ್ ಇಲ್ಲದೆ ಒಂದೇ ದಿನ ಉಣ್ಣಿಸಿದರೂ ಮೀನು ಅಪಾಯದ ಗೆರೆ ದಾಟುತ್ತದೆ.

ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಎಂಬ ಭಾವನೆ ಹೆಚ್ಚಿನವರಲ್ಲಿದೆ. ಕಸ ಹಿಡಿಯುವುದು ಅದರ ಸುಲಭದ ಕೆಲಸ. ಹಿಡಿದ ಕಸವೂ ತೊಳೆದು ಹೊರಹಾಕುವವರೆಗೆ ಅದೇ ನೀರಿನಲ್ಲಿ ಕೊಳೆಯುತ್ತಿರುತ್ತದೆ. ಅಸಲು ಕೆಲಸ ಕಣ್ಣಿಗೆ ಕಾಣದ್ದು, ಅದರ ಹಿಂದೆ ಒಂದು ಅಪ್ಪ ಮಗನ ಕಥೆಯೂ ಇದೆ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಗಾಜಿನ ತೊಟ್ಟಿಯೊಂದರಲ್ಲಿ ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ, ಕೆಲವು ಬಸವನಹುಳುಗಳನ್ನಿಟ್ಟು, ನೀರು ಬದಲಿಸದೆ ಅವು ಬದುಕಿದ ವರದಿಯನ್ನು ಪ್ರಕಟಿಸಿದರು. ಮನೆಯ ಅಕ್ವೇರಿಯಂ ಹವ್ಯಾಸಕ್ಕೆ ಬುನಾದಿ ಹಾಕಿದ ಪ್ರಯೋಗಗಳಲ್ಲಿ ಅದೂ ಒಂದು. ಗಿಡ ಕೊಡುವ ಆಮ್ಲಜನಕದಿಂದಲೇ ಸಮತೋಲ ಏರ್ಪಡುತ್ತದೆ ಎಂಬುದು ಅವರ ವಿವರಣೆ. ಬಿಟ್ಟುಹೋಗಿದ್ದ ಕೊಂಡಿಯನ್ನು ಹುಡುಕಿದವರಲ್ಲಿ ಅದೇ ಹೆಸರಿನ ಅವರ ಮಗನೂ ಇದ್ದರು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಮೇಲೆ ದುಡಿದ ಕಿರಿಯ ವಾರಿಂಗ್ಟನ್, ಅಮೋನಿಯಾ ಮೊದಲು ನೈಟ್ರೈಟ್ ಆಗಿ, ನೈಟ್ರೈಟ್ ಆಮೇಲೆ ನೈಟ್ರೇಟ್ ಆಗುತ್ತದೆ, ಎರಡು ಹಂತಕ್ಕೂ ಬೇರೆ ಬೇರೆ ಜೀವಿಗಳು ಬೇಕು ಎಂಬುದಕ್ಕೆ ಪುರಾವೆ ಕೊಟ್ಟರು.

ಅದಕ್ಕೂ ಮೊದಲು, 1877ರಲ್ಲಿ, ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟಿದ್ದರು. ಮೊದಲಿಗೆ ಅಮೋನಿಯಾ ಹೇಗೆ ಹೋಯಿತೋ ಹಾಗೆಯೇ ಕೆಳಗೆ ಬಂತು. ಸುಮಾರು 20 ದಿನಗಳಾದ ಮೇಲೆ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೋಫಾರ್ಮ್ ಆವಿ ಬಿಟ್ಟಾಗ ಕೆಲಸ ನಿಂತಿತು. ಹೊಸದಾಗಿ ಒಂದಿಷ್ಟು ಮಣ್ಣಿನ ತಿಳಿ ಸುರಿದಾಗ ಮತ್ತೆ ಶುರುವಾಯಿತು. ಜೀವವಿಲ್ಲದ ರಾಸಾಯನಿಕ ಕ್ರಿಯೆಗೆ ಕ್ಲೋರೋಫಾರ್ಮಿನಿಂದ ಮಂಪರು ಬರುವುದಿಲ್ಲವಲ್ಲ! ಇಂದು ನಮ್ಮ ಮನೆಗಳಲ್ಲಿರುವ ಪ್ರತಿಯೊಂದು ಫಿಲ್ಟರೂ ಆ ಕೊಳವೆಯ ಸಂತತಿ. ಹೊಸ ತೊಟ್ಟಿ ಪಕ್ವವಾಗಲು ವಾರಗಟ್ಟಲೆ ಏಕೆ ಕಾಯಬೇಕು, ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಸ್ಪಂಜು ತೊಳೆಯಬಾರದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇತ್ತು. ಈ ಜೀವಿಗಳ ಪಟ್ಟಿ ಈಗಲೂ ತಿದ್ದುಪಡಿಯಾಗುತ್ತಿದೆ. ಎರಡೂ ಹಂತಗಳನ್ನು ಒಂದೇ ಬ್ಯಾಕ್ಟೀರಿಯಾ ಮಾಡಿ ಮುಗಿಸಬಲ್ಲದೆಂದು 2015ರಲ್ಲಿ ತೋರಿಸಿದ ಎರಡು ತಂಡಗಳಲ್ಲಿ ಒಂದಕ್ಕೆ ಆ ಜೀವಿ ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ.

ಈ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಅಂಟಿಕೊಳ್ಳಲು ಮೈ, ಹರಿಯುವ ನೀರು, ಬೇಕಾದಷ್ಟು ಆಮ್ಲಜನಕ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಪೂರ್ತಿ ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ನಮ್ಮ ತೊಟ್ಟಿಯ 0.74 ಗ್ರಾಂಗೆ ದಿನಕ್ಕೆ 3.4 ಗ್ರಾಂ. ಸಮುದ್ರ ಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕವನ್ನಷ್ಟೇ ಹಿಡಿದಿಡಬಲ್ಲದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದಕ್ಕೂ ಹತ್ತನೇ ಒಂದು ಭಾಗ ಕಡಿಮೆ. ಅಷ್ಟರಲ್ಲೇ ಮೀನೂ ಉಸಿರಾಡಬೇಕು, ಕೊಳೆಯುವ ಕಸವೂ ತನ್ನ ಪಾಲು ಕೇಳುತ್ತದೆ. ಹಾಗಾಗಿ ಫಿಲ್ಟರ್ ಆರಿಸುವಾಗ ನಾನು ಮೊದಲು ನೋಡುವುದು ಅದು ನೀರಿಗೆ ಗಾಳಿ ಸೇರಿಸುತ್ತದೆಯೋ, ಇರುವ ಗಾಳಿಯನ್ನು ಕಸಿಯುತ್ತದೆಯೋ ಎಂಬುದನ್ನು.

ಈ ಕಣ್ಣಿನಿಂದ ನೋಡಿದರೆ ಕೆಲವನ್ನು ಬೇಗ ಬದಿಗಿಡಬಹುದು. ಗಾಜಿಗೆ ನೇತುಹಾಕುವ ಹ್ಯಾಂಗ್ ಆನ್ ಫಿಲ್ಟರುಗಳು ಎರಡು-ಮೂರಡಿ ತೊಟ್ಟಿಗೆ ಸಾಕು. ಆರಡಿಗೆ ಮೂರ್ನಾಲ್ಕು ಬೇಕಾಗುತ್ತವೆ. ನೀರಿನೊಳಗೆ ಮುಳುಗಿಸುವ ಪವರ್ ಫಿಲ್ಟರಿನ ಸ್ಪಂಜು ಅಂಗೈಯಗಲದ್ದು, ದೊಡ್ಡ ಮೀನುಗಳ ಮಲಕ್ಕೆ ಎರಡೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಜಲ್ಲಿಯ ಅಡಿಯಲ್ಲಿ ತಟ್ಟೆ ಹಾಸಿ ನೀರೆಳೆಯುವ ಹಳೆಯ ಪದ್ಧತಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಜಲ್ಲಿಯನ್ನು ಅಗೆಯುವ ಸಿಕ್ಲಿಡ್‌ಗಳಿದ್ದರೆ ಅದು ನಿಲ್ಲದು, ತಟ್ಟೆಯ ಕೆಳಗೆ ಸೇರಿದ ಕೆಸರನ್ನು ತೆಗೆಯಬೇಕಾದರೆ ಇಡೀ ತೊಟ್ಟಿ ಖಾಲಿ ಮಾಡಬೇಕು.

ಟಾಪ್ ಫಿಲ್ಟರನ್ನು ಮಾತ್ರ ಹಗುರವಾಗಿ ಕಾಣಬಾರದು. ತೊಟ್ಟಿಯ ಮೇಲೆ ಕೂರುವ ಉದ್ದನೆಯ ಪ್ಲಾಸ್ಟಿಕ್ ತಟ್ಟೆಗಳಿಗೆ ಪಂಪು ನೀರೆತ್ತುತ್ತದೆ. ಅಲ್ಲಿಂದ ಉಣ್ಣೆ, ಸೆರಾಮಿಕ್ ರಿಂಗುಗಳ ಮೇಲೆ ಜಿನುಗಿ ಮತ್ತೆ ತೊಟ್ಟಿಗೆ ಬೀಳುತ್ತದೆ. ಜಿನುಗುವಾಗ ಧಾರಾಳವಾಗಿ ಗಾಳಿ ಸೇರುತ್ತದೆ. ಮೇಲಿನ ಉಣ್ಣೆಯನ್ನು ತೆಗೆದು ಹಿಂಡಿ ಇಡಲು ಐದು ನಿಮಿಷ ಸಾಕು, ಅಷ್ಟು ಸುಲಭವಾದದ್ದರಿಂದಲೇ ಜನ ಅದನ್ನು ತಪ್ಪದೆ ಮಾಡುತ್ತಾರೆ. ನೋಟ ಅಷ್ಟು ಚೆಂದವಿಲ್ಲ, ಲೈಟಿಗೆ ಅಡ್ಡ ಬರುತ್ತದೆ, ನೀರು ಬೀಳುವ ಸದ್ದೂ ಇರುತ್ತದೆ. ಗೋಲ್ಡ್‌ಫಿಶ್, ಫ್ಲವರ್‌ಹಾರ್ನ್ ಸಾಕುವವರು ಅಷ್ಟನ್ನು ಸಹಿಸಿಕೊಂಡರೆ ಖರ್ಚಿಗೆ ತಕ್ಕ ಕೆಲಸ ಸಿಗುತ್ತದೆ.

ಅಂಗಡಿಯಲ್ಲಿ ದೊಡ್ಡ ತೊಟ್ಟಿಯವರಿಗೆ ಮೊದಲು ತೋರಿಸುವುದು ಕ್ಯಾನಿಸ್ಟರ್. ಬಕೆಟ್ ಗಾತ್ರದ, ಮುಚ್ಚಳ ಬಿಗಿದ ಡಬ್ಬ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರುತ್ತದೆ, ಸದ್ದಿಲ್ಲ, ಹೊರಗೆ ಎರಡು ಕೊಳವೆ ಬಿಟ್ಟರೆ ಏನೂ ಕಾಣುವುದಿಲ್ಲ. ಗಿಡಗಳ ತೊಟ್ಟಿ ಮಾಡುವವರಿಗೆ ಇದೇ ಸರಿ. ನೀರು ಗಾಳಿಗೆ ಒಡ್ಡಿಕೊಳ್ಳದ ಕಾರಣ ದುಡ್ಡು ಕೊಟ್ಟು ತುಂಬಿಸಿದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುವುದಿಲ್ಲ. ಜತೆಗೆ ಗಿಡಗಳು ಅಮೋನಿಯಾವನ್ನು ನೇರವಾಗಿ ಹೀರುವುದರಿಂದ ಫಿಲ್ಟರಿನ ಮೇಲಿನ ಹೊರೆಯೂ ಕಡಿಮೆ.

ಹೆಚ್ಚು ತಿನ್ನುವ ದೊಡ್ಡ ಮೀನುಗಳ ವಿಷಯ ಬೇರೆ. ಕ್ಯಾನಿಸ್ಟರಿನೊಳಗೆ ಬರುವ ಆಮ್ಲಜನಕವೆಲ್ಲ ನೀರಿನ ಜತೆ ಬಂದದ್ದೇ, ಬೇರೆ ದಾರಿಯಿಲ್ಲ. ಕರೆಂಟ್ ಹೋಗಿ ಹರಿವು ನಿಂತ ಮೇಲೆ ಅಷ್ಟೊಂದು ಬ್ಯಾಕ್ಟೀರಿಯಾ, ಅಷ್ಟೊಂದು ಕೆಸರು ಸೇರಿ ಡಬ್ಬದೊಳಗಿನ ಗಾಳಿಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ತಿಂಗಳುಗಟ್ಟಲೆ ತೊಳೆಯದೆ, ಅರ್ಧ ದಿನ ಕರೆಂಟಿಲ್ಲದೆ ನಿಂತ ಕ್ಯಾನಿಸ್ಟರಿನ ಕ್ಲಿಪ್ಪು ಬಿಚ್ಚಿ ನೋಡಿ. ಮುಚ್ಚಳ ಏಳುತ್ತಿದ್ದಂತೆ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಬಡಿಯುತ್ತದೆ. ಮೇಲಿನ ಬುಟ್ಟಿಯ ಬಿಳಿ ಉಣ್ಣೆ ಕಂದುಬಣ್ಣದ ಲೋಳೆಯಾಗಿರುತ್ತದೆ. ತಳದ ಸ್ಪಂಜನ್ನು ಬೆರಳಿನಿಂದ ಒತ್ತಿದರೆ ಕರಿಯ ನೀರು ಜಿನುಗುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಪಂಪು ತಾನಾಗಿ ಚಾಲೂ ಆಗಿ ಆ ನೀರನ್ನೆಲ್ಲ ಮಲಗಿರುವ ಮೀನುಗಳ ಮೇಲೆ ಕಕ್ಕುತ್ತದೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಕ್ಯಾನಿಸ್ಟರ್ ಒಂದನ್ನೇ ನಂಬುವುದು ತರವಲ್ಲ. ಈಗಾಗಲೇ ಇದ್ದರೆ, ಹೆಚ್ಚು ಹೊತ್ತು ನಿಂತ ಮೇಲೆ ಸೀದಾ ಚಾಲೂ ಮಾಡದೆ ಒಳಗಿನ ನೀರು ಚೆಲ್ಲಿ, ಸ್ಪಂಜು ರಿಂಗುಗಳನ್ನು ತೊಟ್ಟಿಯ ನೀರಿನಲ್ಲೇ ಜಾಲಿಸಿ, ಆಮೇಲೆ ಸ್ವಿಚ್ಚು ಹಾಕಬೇಕು.

ಉಳಿದದ್ದು ಸಂಪ್ ಫಿಲ್ಟರ್. ಆರಡಿ ಮತ್ತು ಅದಕ್ಕಿಂತ ದೊಡ್ಡ ತೊಟ್ಟಿಯಲ್ಲಿ ದೊಡ್ಡ ಮೀನು ಸಾಕುವವರಿಗೆ ನನ್ನ ಮತ ಇದಕ್ಕೇ. ಮೇಲಿನ ತೊಟ್ಟಿಯ ಅಂಚಿನಲ್ಲಿ ಒಂದು ಓವರ್‌ಫ್ಲೋ. ಅದರಿಂದ ಉಕ್ಕಿದ ನೀರು ಪೈಪಿನಲ್ಲಿ ಇಳಿದು ಸ್ಟ್ಯಾಂಡಿನೊಳಗಿನ ಇನ್ನೊಂದು ಗಾಜಿನ ತೊಟ್ಟಿಗೆ ಬೀಳುತ್ತದೆ. ಅಲ್ಲಿನ ಮೊದಲ ಅರೆಯಲ್ಲಿ ಉಣ್ಣೆ, ನಡುವಿನದರಲ್ಲಿ ಬ್ಯಾಕ್ಟೀರಿಯಾಗಳ ವಾಸ, ಕೊನೆಯದರಲ್ಲಿ ನೀರನ್ನು ಮೇಲೆತ್ತುವ ಪಂಪು. ಬೀಳುವಾಗಲೂ ಅರೆಯಿಂದ ಅರೆಗೆ ಹಾಯುವಾಗಲೂ ನೀರು ಗಾಳಿ ಕುಡಿಯುತ್ತದೆ. ತೊಟ್ಟಿಯ ಮೇಲ್ಮೈಯಲ್ಲಿ ತೇಲುವ ಎಣ್ಣೆಯಂಥ ಪೊರೆ ತಾನಾಗಿ ಕೆಳಗಿಳಿಯುತ್ತದೆ. ಹೀಟರನ್ನು ಕಣ್ಣಿಗೆ ಕಾಣದಂತೆ ಕೆಳಗಿಡಬಹುದು, ಇಲ್ಲವಾದರೆ ಆಸ್ಕರ್‌ನಂಥ ಮೀನು ಅದನ್ನು ಕುಕ್ಕಿ ಒಡೆಯುವುದೂ ಉಂಟು. ಉಣ್ಣೆ ಬದಲಿಸಲು ಪಂಪು ನಿಲ್ಲಿಸುವ ಅಗತ್ಯವೂ ಇಲ್ಲ.

ಅನುಕೂಲ ಇಷ್ಟಿದ್ದರೂ ಜನ ಸಂಪಿಗೆ ಹೆದರುವುದು ಒಂದೇ ಕಾರಣಕ್ಕೆ, ನೆಲದ ಮೇಲೆ ನೀರು ಹರಿದೀತೆಂದು. ಆ ಭಯಕ್ಕೆ ಲೆಕ್ಕವೇ ಮದ್ದು. ಆರಡಿ-ಎರಡಡಿ ತೊಟ್ಟಿಯಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 11 ಲೀಟರ್ ಕೆಳಗೆ ಬಂದಂತೆ. ಕರೆಂಟ್ ಹೋದಾಗ ಓವರ್‌ಫ್ಲೋದ ಅಂಚಿನವರೆಗೆ ನೀರು ಇಳಿಯುತ್ತದೆ, ನೀರು ಏರಿಸುವ ಪೈಪೂ ತಿರುಗುಮುರುಗಾಗಿ ಹೀರುತ್ತದೆ. ಒಟ್ಟು ನಾಲ್ಕು ಸೆಂಟಿಮೀಟರ್ ಇಳಿದರೆ 45 ಲೀಟರ್. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ಸಂಪಿನಲ್ಲಿ ಅಷ್ಟು ನೀರು ಎಂಟು ಸೆಂಟಿಮೀಟರ್ ಏರುತ್ತದೆ. ಆದ್ದರಿಂದ ಪಂಪು ಓಡುತ್ತಿರುವಾಗ ಸಂಪಿನ ಮೇಲ್ಭಾಗದಲ್ಲಿ ಕನಿಷ್ಠ ಹನ್ನೆರಡು ಸೆಂಟಿಮೀಟರ್ ಖಾಲಿ ಇರಲಿ. ನೀರೇರಿಸುವ ಪೈಪಿನ ಬಾಯಿಯನ್ನು ತೊಟ್ಟಿಯ ಆಳಕ್ಕೆ ಇಳಿಸದೆ ಮೇಲ್ಮೈಯ ಹತ್ತಿರವೇ ಇಡಬೇಕು; ಆಳದಲ್ಲಿಟ್ಟರೆ ಅಷ್ಟೂ ನೀರನ್ನು ಅದು ಕೆಳಗೆಳೆಯುತ್ತದೆ. ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಹಾಕಿದ್ದೇವೆಂದು ನಿಶ್ಚಿಂತರಾಗುವಂತಿಲ್ಲ. ಒಂದು ಬಸವನಹುಳು ಸಿಕ್ಕಿಕೊಂಡರೂ ಆ ವಾಲ್ವ್ ಮುಚ್ಚುವುದಿಲ್ಲ.

ಇದರ ಎದುರು ಅಪಾಯ ಓವರ್‌ಫ್ಲೋ ಕಟ್ಟಿಕೊಳ್ಳುವುದು. ಆಗ ಪಂಪು ಕೊನೆಯ ಅರೆಯ ನೀರನ್ನೆಲ್ಲ ಮೇಲೆತ್ತುತ್ತದೆ. ಆ ಅರೆಯಲ್ಲಿ 30 ಲೀಟರ್ ಇದ್ದು, ಮೇಲಿನ ತೊಟ್ಟಿಯಲ್ಲಿ ಮೂರು ಸೆಂಟಿಮೀಟರ್ ಖಾಲಿ ಜಾಗ ಬಿಟ್ಟಿದ್ದರೆ ಒಂದು ಹನಿಯೂ ಹೊರಗೆ ಚೆಲ್ಲುವುದಿಲ್ಲ. ಇಳಿಯುವ ಪೈಪು ಎರಡಿರಲಿ, ಒಂದು ಎಂದಿನ ಕೆಲಸಕ್ಕೆ, ಇನ್ನೊಂದು ಸ್ವಲ್ಪ ಮೇಲೆ, ತುರ್ತಿಗೆ. ಮೊದಲನೆಯದಕ್ಕೆ ವಾಲ್ವ್ ಕೂರಿಸಿ ಹರಿವನ್ನು ಹದಮಾಡಿದರೆ ಗೊಳಗೊಳ ಸದ್ದೂ ನಿಲ್ಲುತ್ತದೆ. ಗಾಜು ಕೊರೆಯದೆ ಸೈಫನ್ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಸೈಫನ್ನಿನ ಕೊಂಕಿನಲ್ಲಿ ಗಾಳಿ ಸೇರಿ ಅದು ನಿಂತುಹೋದರೆ, ಪಂಪು ಮಾತ್ರ ಎತ್ತುತ್ತಲೇ ಇರುತ್ತದೆ. ತೊಟ್ಟಿ ಮಾಡಿಸುವಾಗಲೇ, ಗಾಜುಗಳನ್ನು ಅಂಟಿಸುವ ಮೊದಲೇ, ರಂಧ್ರ ಕೊರೆಸುವುದು ಸರಿಯಾದ ಕ್ರಮ. ಟಫನ್ಡ್ ಗಾಜನ್ನು ಆಮೇಲೆ ಕೊರೆಯಲು ಹೋದರೆ ಪುಡಿಪುಡಿಯಾಗುತ್ತದೆ.

ಪಂಪಿನ ಡಬ್ಬದ ಮೇಲಿನ ಅಂಕಿಯೂ ದಾರಿ ತಪ್ಪಿಸುತ್ತದೆ. ಅದು ನೀರನ್ನು ಒಂದಿಂಚೂ ಎತ್ತದೆ ಹರಿಸಿದಾಗಿನ ಅಳತೆ. ನಾಲ್ಕೂವರೆ ಅಡಿ ಎತ್ತಿ, ಎರಡು ಮೂರು ಬೆಂಡು ದಾಟಿಸಿದರೆ ಎಷ್ಟೋ ಪಂಪುಗಳಲ್ಲಿ ಹರಿವು ಅರ್ಧಕ್ಕಿಳಿಯುತ್ತದೆ. 600 ಲೀಟರನ್ನು ಗಂಟೆಗೆ ನಾಲ್ಕೈದು ಸಲ ತಿರುಗಿಸಬೇಕಾದರೆ 2,400ರಿಂದ 3,000 ಲೀಟರ್ ಹರಿವು ಮೇಲೆ ತಲುಪಬೇಕು. ಹಾಗಾಗಿ ಡಬ್ಬದ ಮೇಲೆ 5,000ದಿಂದ 6,000 ಇರುವ ಪಂಪನ್ನೇ ನೋಡಿ. ಪಂಪು ಹಗಲೂ ರಾತ್ರಿ ಓಡುವ ಯಂತ್ರ. 40 ವ್ಯಾಟಿನದು ತಿಂಗಳಿಗೆ ಸುಮಾರು 29 ಯೂನಿಟ್, 80 ವ್ಯಾಟಿನದು 58 ಯೂನಿಟ್ ತಿನ್ನುತ್ತದೆ. ಕೊಳ್ಳುವಾಗ ಕೊಂಚ ದುಬಾರಿಯಾದರೂ ಕಡಿಮೆ ವ್ಯಾಟಿನಲ್ಲಿ ಅಷ್ಟೇ ನೀರೆತ್ತುವ ಪಂಪು ತನ್ನ ಬೆಲೆಯನ್ನು ಬಿಲ್ಲಿನಲ್ಲೇ ತೀರಿಸುತ್ತದೆ.

ಸಂಪಿನ ನಡುವಿನ ಅರೆಗೆ ಏನು ತುಂಬಬೇಕೆಂಬ ಚರ್ಚೆಗೆ ಕೊನೆಯಿಲ್ಲ. ಒಂದು ಕಿಲೋಗೆ ಫುಟ್‌ಬಾಲ್ ಮೈದಾನದಷ್ಟು ಮೈ ಇದೆ ಎಂದು ಕೂಗುವ ಸೆರಾಮಿಕ್ ಸಾಮಗ್ರಿಗಳಿವೆ. ಆ ಮೈಯಲ್ಲಿ ಬಹುಪಾಲು ಸೂಕ್ಷ್ಮ ರಂಧ್ರಗಳ ಒಳಗಿನದು. ಅವುಗಳ ಬಾಯಿ ಬೇಗ ಕಟ್ಟಿಕೊಳ್ಳುತ್ತದೆ, ಒಳಕ್ಕೆ ಆಮ್ಲಜನಕ ಹೋಗುವುದೂ ಕಷ್ಟ. ಒರಟು ಸ್ಪಂಜಿನ ದಪ್ಪ ಹಲಗೆಗಳು, ಪ್ಯೂಮಿಸ್ ಕಲ್ಲು, ಕೊನೆಗೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬ್ಬರುಗಳು ಕೂಡ ಧಾರಾಳವಾಗಿ ಸಾಕು. ಸ್ಕ್ರಬ್ಬರಿನಲ್ಲಿ ಸೋಪು, ಲೋಹ ಎರಡೂ ಇರಬಾರದು ಅಷ್ಟೇ. ನಾರ್ವೆಯಲ್ಲಿ ಕೊಳಚೆ ನೀರಿನ ಶುದ್ಧೀಕರಣಕ್ಕಾಗಿ ರೂಪಿಸಿದ, ಗಾಳಿಗುಳ್ಳೆಗಳ ನಡುವೆ ಸದಾ ಹೊರಳಾಡುವ ಪ್ಲಾಸ್ಟಿಕ್ ಚಕ್ರಗಳೂ ಈಗ ಇಲ್ಲಿ ಸಿಗುತ್ತವೆ. ಅವು ಒಂದಕ್ಕೊಂದು ತಿಕ್ಕಿ ತಮ್ಮ ಮೈ ತಾವೇ ತೊಳೆದುಕೊಳ್ಳುತ್ತವೆ. ಇದ್ದಿಲನ್ನು ಮಾತ್ರ ಸದಾ ಇಡಬೇಕಿಲ್ಲ. ಔಷಧಿ ಹಾಕಿದ ಮೇಲೆ ಅದನ್ನು ಹೀರಿ ತೆಗೆಯಲು ಬೇಕು.

ಇಷ್ಟೆಲ್ಲ ಸರಿಯಿದ್ದೂ ಕರಾವಳಿಯಲ್ಲಿ ಫಿಲ್ಟರ್ ಇದ್ದಕ್ಕಿದ್ದಂತೆ ಸೋಲುವುದುಂಟು. ಕಾರಣ ನೀರಿನ ಗುಣ. ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಆಮ್ಲಜನಕದ ಜತೆ ನೀರಿನ ಕ್ಷಾರಗುಣವನ್ನೂ ತಿನ್ನುತ್ತವೆ, ಒಂದು ಗ್ರಾಂ ಸಾರಜನಕಕ್ಕೆ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದಷ್ಟು. ನಮ್ಮ ತೊಟ್ಟಿಯಲ್ಲಿ ಅದು ಲೀಟರಿಗೆ ದಿನಕ್ಕೆ ಒಂಬತ್ತು ಮಿಲಿಗ್ರಾಂ ಹತ್ತಿರ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿಗೆ ಇದು ಲೆಕ್ಕಕ್ಕಿಲ್ಲ. ಮುರಕಲ್ಲಿನ ಬಾವಿಗಳ ಮೆದುನೀರಿನಲ್ಲಿ ಕ್ಷಾರಗುಣ ಲೀಟರಿಗೆ 30 ಮಿಲಿಗ್ರಾಂ ಇದ್ದರೆ ಮೂರ್ನಾಲ್ಕು ದಿನದಲ್ಲೇ ಖಾಲಿ. ಪಿಎಚ್ 6ರ ಕೆಳಗೆ ಜಾರುತ್ತದೆ, ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ, ಅಮೋನಿಯಾ ಏರತೊಡಗುತ್ತದೆ. ಸಂಪಿನಲ್ಲಿ ಒಂದೆರಡು ಕಿಲೋ ತೊಳೆದ ಚಿಪ್ಪಿನ ಚೂರನ್ನು ಬಲೆಯ ಚೀಲದಲ್ಲಿ ಕಟ್ಟಿಟ್ಟರೆ ಅದು ಬೇಕಾದಷ್ಟೇ ಕರಗಿ ಕೊರತೆ ತುಂಬುತ್ತದೆ. ಆದರೆ ಪಿಎಚ್ ಬಿದ್ದಿದ್ದ ತೊಟ್ಟಿಯಲ್ಲಿ ಅದನ್ನು ಒಮ್ಮೆಗೇ ಏರಿಸಬಾರದು, ಅಲ್ಲಿಯವರೆಗೆ ನಿರಪಾಯವಾಗಿದ್ದ ಅಮೋನಿಯಾ ವಿಷದ ರೂಪಕ್ಕೆ ತಿರುಗುತ್ತದೆ. ಮೊದಲು ದಿನಕ್ಕಿಷ್ಟು ನೀರು ಬದಲಿಸಿ, ನಿಧಾನವಾಗಿ ಮೇಲೆ ತರಬೇಕು.

ಇಲ್ಲಿ ಹೇಳಿದ ಯಾವ ಫಿಲ್ಟರೂ ನೈಟ್ರೇಟನ್ನು ಹೊರಹಾಕುವುದಿಲ್ಲ. ನಮ್ಮ ಲೆಕ್ಕದ ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ 38 ಮಿಲಿಗ್ರಾಂ ನೈಟ್ರೇಟ್ ಸೇರುತ್ತದೆ. ಅದಕ್ಕಿರುವ ನೇರ ದಾರಿ ವಾರಕ್ಕೊಮ್ಮೆ ಅರ್ಧದಷ್ಟು ನೀರು ಬದಲಿಸುವುದು, ಎಂದರೆ 300 ಲೀಟರ್. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ಬೆಂಗಳೂರಿನ ಬಡಾವಣೆಗಳಿಗೆ ಇದು ಹಗುರವಾದ ಮಾತಲ್ಲ. ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ, ಚರಂಡಿಗೆ ಬಿಡಬೇಕಿಲ್ಲ. ಸಂಪಿನ ಮೇಲೆ ಮನಿ ಪ್ಲಾಂಟಿನ ಬಳ್ಳಿಗಳನ್ನು ಬೇರು ಮಾತ್ರ ಮುಳುಗುವಂತೆ ಬಿಟ್ಟರೆ ಅವೂ ನೈಟ್ರೇಟ್ ಹೀರುತ್ತವೆ. ಮುಖ್ಯವಾದದ್ದು ಮೀನಿನ ಸಂಖ್ಯೆ ಮತ್ತು ಊಟ. 20 ಗ್ರಾಂ ಊಟ 12ಕ್ಕಿಳಿದರೆ ಈ ಲೇಖನದ ಅಮೋನಿಯಾ, ಆಮ್ಲಜನಕ, ಕ್ಷಾರ, ನೈಟ್ರೇಟ್ ಅಂಕಿಗಳೆಲ್ಲ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಬೆರಳುದ್ದವಿರುವಾಗ ಮುದ್ದಾಗಿ ಕಾಣುವ ರೆಡ್‌ಟೇಲ್ ಕ್ಯಾಟ್‌ಫಿಶ್ ಬೆಳೆದರೆ ಮೂರಡಿ ಮೀರುತ್ತದೆ. ಅದನ್ನು ಆರಡಿಯಲ್ಲಿಡಲು ಎಷ್ಟು ದೊಡ್ಡ ಸಂಪೂ ನೆರವಾಗದು, ಬೇಡವೆಂದು ಕೆರೆಗೆ ಬಿಡುವುದಂತೂ ಕೆರೆಗೆ ಮಾಡುವ ದ್ರೋಹ.

ಸಂಪೇ ಇರಲಿ, ಕ್ಯಾನಿಸ್ಟರೇ ಇರಲಿ, ತೊಟ್ಟಿಯ ಮೂಲೆಯಲ್ಲಿ ಏರ್ ಪಂಪಿನಿಂದ ನಡೆಯುವ ಎರಡು ದೊಡ್ಡ ಸ್ಪಂಜ್ ಫಿಲ್ಟರ್ ಇದ್ದೇ ಇರಬೇಕು ಎಂಬುದು ನನ್ನ ಹಟ. ಅತಿ ಅಗ್ಗದ ಈ ಫಿಲ್ಟರ್ ನಾಲ್ಕೈದು ವ್ಯಾಟಿನಲ್ಲಿ ನಡೆಯುತ್ತದೆ, ಮನೆಯ ಯುಪಿಎಸ್‌ಗೆ ಅದೊಂದು ಹೊರೆಯಲ್ಲ. ದೊಡ್ಡ ಪಂಪು ನಿಂತಾಗ ಗಾಳಿಯೂ ಇದೆ, ಒಂದಿಷ್ಟು ಬ್ಯಾಕ್ಟೀರಿಯಾವೂ ಬದುಕಿರುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಕೊಳವೆಗೆ ಒಂದು ಪುಟ್ಟ ಚೆಕ್ ವಾಲ್ವ್ ಹಾಕಿ, ನೀರು ಹಿಂದಕ್ಕೆ ಹರಿದು ಪಂಪಿಗೆ ನುಗ್ಗದಿರಲಿ. ಸ್ಪಂಜನ್ನು ಹದಿನೈದು ದಿನಕ್ಕೊಮ್ಮೆ, ಒಂದು ಸಲಕ್ಕೆ ಒಂದನ್ನೇ, ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿ ತೊಳೆಯಿರಿ. ಹೊಸದಾಗಿ ತುಂಬಿಸುವ ಕಾವೇರಿ ನೀರಿನ ಕ್ಲೋರಿನ್ ಕಳೆಯಲು ಅಂಗಡಿಯಲ್ಲಿ ಸಿಗುವ ಹೈಪೋ ಹರಳು ಸಾಕು.

ಹೊಸ ತೊಟ್ಟಿಗೆ ಮೀನು ತರುವ ಮುನ್ನ ಅಮೋನಿಯಾ, ನೈಟ್ರೈಟ್ ಅಳೆಯುವ ಟೆಸ್ಟ್ ಕಿಟ್ ತನ್ನಿ. ಪರಿಚಯದವರ ಆರೋಗ್ಯವಾದ ತೊಟ್ಟಿಯಿಂದ ಹಳೆಯ ಸ್ಪಂಜೊಂದನ್ನು ಒದ್ದೆಯಾಗಿರುವಂತೆಯೇ ತಂದು ಸಂಪಿನಲ್ಲಿಟ್ಟರೆ ನಾಲ್ಕಾರು ವಾರಗಳ ಕಾಯುವಿಕೆ ಎಷ್ಟೋ ಕಡಿಮೆಯಾಗುತ್ತದೆ. ಮೊದಲು ಒಂದೆರಡು ಸಣ್ಣ ಮೀನು, ಕಿಟ್ಟಿನಲ್ಲಿ ಎರಡೂ ಅಂಕಿ ಸೊನ್ನೆಯಲ್ಲೇ ನಿಂತ ಮೇಲೆ ಇನ್ನಷ್ಟು. ಅರೋವಾನಾ ಕೊನೆಗೆ ಬರಲಿ.